ಠಾಣೆಯ ಪಟ್ಟಿಗೆ ಲೆಕ್ಕ ಕೇಳೋಣ

ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಒಂದು ರಾತ್ರಿ ಕಳ್ಳತನ ಆಯ್ತು ಅಂತಿಟ್ಟುಕೊಳ್ಳಿ. ಬೆಳಗ್ಗೆ ಪೊಲೀಸರು ಮೊದಲು ಯಾರ ಕೇರಿಗೆ ಹೋಗಬೇಕು? ಸಾಕ್ಷ್ಯ ಕರೆದ ಕಡೆಗೆ ಅನ್ನುತ್ತದೆ ಕಾನೂನು. ಹಳೇ ಪಟ್ಟಿಯಲ್ಲಿ ಹೆಸರಿದ್ದವರ ಕಡೆಗೆ ಅನ್ನುತ್ತದೆ ರೂಢಿ. ಇವೆರಡರ ನಡುವೆ ಸಿಕ್ಕಿಕೊಳ್ಳುವುದು ಬಡವನ ಬದುಕು.

ಈ ರೂಢಿಗೆ ಚರಿತ್ರೆಯಿದೆ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಗೂ ಬಂತು. ಆಗ ಬಳ್ಳಾರಿಯೂ ನಮ್ಮ ದಕ್ಷಿಣ ಕನ್ನಡವೂ ಅದೇ ಪ್ರೆಸಿಡೆನ್ಸಿಯ ಜಿಲ್ಲೆಗಳು. ಅದು ಹುಟ್ಟಿದ ಕುಲವನ್ನೇ ಅಪರಾಧ ಅಂತ ಬರೆದಿಟ್ಟ ಕಾಯ್ದೆ. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಪರವೂರಿಗೆ ಹೋಗಲು ಪಾಸ್ ಬೇಕು. ಆ ಪಟ್ಟಿಗೆ ಬಿದ್ದ ಕೊರವರು ಕರಾವಳಿಯ ಉಪ್ಪನ್ನು ಜಾನುವಾರುಗಳ ಬೆನ್ನ ಮೇಲೆ ಒಳನಾಡಿಗೆ ಸಾಗಿಸುತ್ತಿದ್ದ ವರ್ತಕರು. ರೈಲು ಬಂತು, ಸರಕಾರದ ಉಪ್ಪಿನ ನೀತಿ ಬದಲಾಯ್ತು, ವ್ಯಾಪಾರ ಬಿತ್ತು. ದುಡಿಮೆ ಕಳಕೊಂಡವರಿಗೆ ಸಿಕ್ಕಿದ್ದು ಕಳ್ಳರೆಂಬ ಹೆಸರು.

1947ರಲ್ಲಿ ಮದ್ರಾಸ್ ಪ್ರಾಂತ್ಯ ಕಾಯ್ದೆಯನ್ನು ರದ್ದು ಮಾಡಿತು. ಮರುವರ್ಷವೇ 'ರೂಢಿಗತ ಅಪರಾಧಿ' ಎಂಬ ಹೊಸ ಹೆಸರಿನ ಕಾಯ್ದೆ ಬಂತು. 1952ರ ಆಗಸ್ಟ್ 31ರಂದು ದೇಶಮಟ್ಟದಲ್ಲೇ ಹಳೇ ಕಾಯ್ದೆ ಹೋಯಿತು. ನಮ್ಮ ರಾಜ್ಯದಲ್ಲೂ 1961ರ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಬೋರ್ಡು ಬದಲಾಯ್ತು, ಅಂಗಡಿ ಹಾಗೇ ಉಳಿಯಿತು.

ನ್ಯಾಯಾಲಯಗಳು ಸುಮ್ಮನಿಲ್ಲ. ರೌಡಿ ಪಟ್ಟಿಗೆ ಹೆಸರು ಸೇರಿಸುವ ಮುಂಚೆ ಆ ವ್ಯಕ್ತಿಯ ಮಾತು ಕೇಳಬೇಕೆಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಹಿಂದುಳಿದ ಹಿನ್ನೆಲೆಯ ನಿರಪರಾಧಿಗಳ ಹೆಸರು ಹಿಸ್ಟರಿ ಶೀಟಿಗೆ ಹೋಗದಂತೆ ನೋಡಿಕೊಳ್ಳಿ, ಕಾಲಕಾಲಕ್ಕೆ ಹಿರಿಯ ಅಧಿಕಾರಿ ಪರಿಶೀಲಿಸಲಿ ಎಂಬುದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಕೊಟ್ಟ ಮಾತು. ಅದೇ ವರ್ಷ ಅಕ್ಟೋಬರ್ 3ರಂದು ಜೈಲುಗಳ ಜಾತಿ ತಾರತಮ್ಯದ ಪ್ರಕರಣದಲ್ಲಿ, ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸಬಾರದೆಂದೂ ಪೊಲೀಸರಿಗೆ ತಾಕೀತು ಮಾಡಿತು.

ಬ್ಯಾರಿ ಪುಟದಲ್ಲಿ ಬಳ್ಳಾರಿಯ ಕೊರಚ, ಕೊರಮರ ಮಾತು ಯಾಕೆ ಅಂತ ಕೆಲವರು ಕೇಳಬಹುದು. 1921ರ ಮಲಬಾರ್ ದಂಗೆಯ ಮಾಪಿಳ್ಳ ಕೈದಿಗಳನ್ನು ತಂದು ತುಂಬಿದ್ದು ಇದೇ ಬಳ್ಳಾರಿಯ ಜೈಲುಗಳಿಗೆ. ಹೆಸರು ಕೇಳಿದ ಕೂಡಲೇ ಮುಖ ಬದಲಾಗುವ ತನಿಖೆ ಹೇಗಿರುತ್ತದೆ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಮ್ಮ ಹುಡುಗನ ಮೇಲೆ ಅನುಮಾನ ಬಂದಾಗ ಸಾಕ್ಷ್ಯ ಎಲ್ಲಿ ಅಂತ ಕೇಳುವ ನಾವು, ಕೊರಚರ ಹುಡುಗನಿಗೂ ಅದೇ ಪ್ರಶ್ನೆ ಕೇಳಬೇಕು. ಇಲ್ಲದಿದ್ದರೆ ನಾವು ಕೇಳುತ್ತಿರುವುದು ನ್ಯಾಯ ಅಲ್ಲ, ಬರೀ ರಿಯಾಯಿತಿ.

ಪೊಲೀಸರ ಕಷ್ಟವೂ ಸುಳ್ಳಲ್ಲ. ಕಳವಾದ ಮನೆಯವರಿಗೆ ಕಳ್ಳ ಸಿಗಬೇಕು. ಆದರೆ ಪಟ್ಟಿ ನೋಡಿ ಯಾರನ್ನೋ ಎಳಕೊಂಡು ಬಂದರೆ ನಿಜವಾದ ಕಳ್ಳ ಆರಾಮಾಗಿ ಗಡಿ ದಾಟಿ ಹೋಗಿರುತ್ತಾನೆ. ಅನ್ಯಾಯ ಇಬ್ಬರಿಗೂ.

ಹಾಗಾಗಿ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಠಾಣೆಗಳ ಬಗ್ಗೆ ನಾವು ಕೇಳುವುದು ಇಷ್ಟೇ: ಪಟ್ಟಿಯಲ್ಲಿ ಎಷ್ಟು ಹೆಸರಿವೆ, ಕೊನೆಯ ಪರಿಶೀಲನೆ ಯಾವಾಗ ಆಯ್ತು, ಖುಲಾಸೆಯಾದವರ ಹೆಸರು ತೆಗೆದಿದ್ದಾರಾ, ಸೇರಿಸುವ ಮುಂಚೆ ನೋಟಿಸ್ ಕೊಟ್ಟಿದ್ದಾರಾ? ಹೆಸರುಗಳು ಬೇಡ, ಲೆಕ್ಕ ಸಾಕು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಈ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಲಿ.

ಓದುಗರೂ ಒಂದು ಕೆಲಸ ಮಾಡಬಹುದು. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪರಿಶಿಷ್ಟ ಜಾತಿಯವರಿಗೂ ಕಸ್ಟಡಿಯಲ್ಲಿರುವವರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಠಾಣೆ ಬಾಗಿಲಲ್ಲಿ ಅಳುತ್ತಾ ನಿಂತ ತಾಯಿಗೆ ಇದನ್ನು ಹೇಳಿ, ಅವಳ ಜಾತಿ ಕೇಳದೆ ಜೊತೆಗೆ ಹೋಗಿ.