ಹೊಗೆಯ ಬಣ್ಣ ನೋಡಿ

ಮೋಟಾರು ಹೊಗೆ ಕಾರತೊಡಗಿದೊಡನೆ ಎಂಜಿನನ್ನು ಬಿಚ್ಚಿಸಲು ಹೊರಡುವವರುಂಟು. ಆತುರ ಬೇಡ, ಮೊದಲು ಹೊಗೆಯ ಬಣ್ಣವನ್ನು ನೋಡಿ.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಬಲವಾಗಿ ಒತ್ತಲ್ಪಟ್ಟು ಕಾದ ಗಾಳಿಯೊಳಕ್ಕೆ ಡೀಸೆಲ್ ತುಂತುರಾಗಿ ಬಿದ್ದು, ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಹೊಗೆ ಕಪ್ಪಾಗಿದ್ದರೆ ಡೀಸೆಲಿಗೆ ತಕ್ಕಷ್ಟು ಗಾಳಿ ದೊರೆತಿಲ್ಲವೆಂದು ಅರ್ಥ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ ನೋಡಿ. ಅದು ಶುಚಿಯಾಗಿದ್ದರೆ ಇಂಜೆಕ್ಟರುಗಳನ್ನು ಪರೀಕ್ಷಿಸಬೇಕು. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಪಿಸ್ಟನ್ ರಿಂಗುಗಳೋ ವಾಲ್ವ್ ಗೈಡುಗಳೋ ಸವೆದಿರಬಹುದು.

ಬಿಳಿಯ ಹೊಗೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಚಳಿಯ ಮುಂಜಾನೆ ತುಸು ಹೊತ್ತು ಕಾಣಿಸಿಕೊಂಡು ಮಾಯವಾದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟು ನೀರು ಸಿಲಿಂಡರನ್ನು ಸೇರುತ್ತಿರಬಹುದು. ಅಂಥ ಗಾಡಿಯನ್ನು ಮುಂದಕ್ಕೆ ಓಡಿಸಲಾಗದು. ಗ್ಯಾಸ್ಕೆಟಿನಲ್ಲಿ ಮುಗಿಯಬೇಕಾದ ಖರ್ಚು ಇಡೀ ಎಂಜಿನಿಗೆ ಏರೀತು. ಕಾದಿರುವ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಮೆಕ್ಯಾನಿಕನ ಬಳಿ ‘ಹೊಗೆ ಬರುತ್ತದೆ’ ಎಂದಷ್ಟೇ ಹೇಳದೆ, ಯಾವ ಬಣ್ಣ, ಯಾವ ಹೊತ್ತಿನಲ್ಲಿ ಎಂಬುದನ್ನೂ ತಿಳಿಸಿ. ಅವನ ಶ್ರಮವೂ ನಿಮ್ಮ ಹಣವೂ ಉಳಿಯುವುವು.