ಗೋಲ್ಟಿ ನೀರುಳ್ಳಿ ನಮಗೇಕೆ ಬೇಡ?

ನೀರುಳ್ಳಿ ದರ ಏರಿದಾಗಲೆಲ್ಲ ನಾವು ದಲಾಲರನ್ನು ಬೈಯುತ್ತೇವೆ, ಸರಕಾರವನ್ನು ಬೈಯುತ್ತೇವೆ. 2019ರ ಡಿಸೆಂಬರಿನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಬಜೆಗೆ ಇಷ್ಟು, ಸಾಂಬಾರಿಗೆ ಇಷ್ಟು ಎಂದು ತೂಗಿ ಕೊಟ್ಟ ಮಾಲಕರು ನಮ್ಮಲ್ಲೇ ಇದ್ದಾರೆ. ಆದರೆ ಹೊಲದಲ್ಲಿ ಏನಾಗುತ್ತಿದೆ ಎಂದು ಕೇಳಿದವರು ಕಡಿಮೆ.

ಥ್ರಿಪ್ಸ್ ಎಂಬ ನುಸಿಯ ಉದ್ದ ಸುಮಾರು ಒಂದು ಮಿಲಿಮೀಟರ್. ನೀರುಳ್ಳಿ, ಬೆಳ್ಳುಳ್ಳಿ ಎರಡಕ್ಕೂ ಇದು ಶತ್ರು. ಎಲೆಯನ್ನು ಕೆರೆದು ರಸ ಹೀರುತ್ತದೆ, ಎಲೆಯ ಮೇಲೆ ಬೆಳ್ಳಿಯಂಥ ಗೆರೆಗಳು ಬೀಳುತ್ತವೆ. ಎಲೆ ಸೋತರೆ ಗಡ್ಡೆ ದಪ್ಪವಾಗುವುದಿಲ್ಲ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ, ಒಣ ಬಿಸಿಲಿನಲ್ಲಿ ವಿಪರೀತ ಹೆಚ್ಚುತ್ತದೆ. ನಾಸಿಕ್ ಕಡೆ ಬೇಸಿಗೆಯಲ್ಲಿ ಕಿತ್ತು ಚಾಳಿನಲ್ಲಿ ದಾಸ್ತಾನಿಡುವ, ನಾವು ಮಳೆಗಾಲವಿಡೀ ಬಳಸುವ ಮಾಲು ಬೆಳೆಯುವುದು ಅಂಥ ಹವೆಯಲ್ಲೇ.

ಔಷಧಿ ಹೊಡೆದರೂ ನುಣುಪಾದ ಎಲೆಯಿಂದ ಜಾರುತ್ತದೆ. ನುಸಿ ಮಾತ್ರ ಎಲೆಗಳ ಬುಡದ ಸಂದಿಯಲ್ಲಿ ಅಡಗಿರುತ್ತದೆ. ರೈತ ಮತ್ತೆ ಹೊಡೆಯುತ್ತಾನೆ. ಗಡ್ಡೆ ಸಣ್ಣದಾದರೆ ಮಾರುಕಟ್ಟೆಯಲ್ಲಿ ಅದು ‘ಗೋಲ್ಟಿ’, ಬೇರೆ ರಾಶಿ, ಕಡಿಮೆ ದರ. ಗೋಲ್ಟಿ ಬೇಡ ಎನ್ನುವ ಗಿರಾಕಿಗಳಲ್ಲಿ ನಾವೂ ಇದ್ದೇವೆ.

ನಾನೇನೂ ಹೊರತಲ್ಲ. ಕಳೆದ ವರ್ಷ ಗೋಲ್ಟಿ ಬಂದ ನಾಲ್ಕು ಗೋಣಿಯನ್ನು ವಾಪಸು ಕಳಿಸಿದೆ. ಸಿಪ್ಪೆ ತೆಗೆಯಲು ದುಪ್ಪಟ್ಟು ಹೊತ್ತು ಹಿಡಿಯುತ್ತದೆ ಎಂದು ಹುಡುಗರು ಗೊಣಗುತ್ತಾರೆ, ಅದು ನಿಜವೇ. ಬಜೆಗೆ, ಸಲಾಡಿಗೆ ದೊಡ್ಡದೇ ಬೇಕು, ಒಪ್ಪೋಣ. ಆದರೆ ಗ್ರೇವಿಗೆ ಅರೆಯುವ, ಸಾಂಬಾರಿಗೆ ಇಡಿಯಾಗಿ ಹಾಕುವ ನೀರುಳ್ಳಿಗೆ ಗಾತ್ರದ ಹಂಗೇಕೆ? ದರದ ಉಳಿತಾಯದಲ್ಲಿ ಸಿಪ್ಪೆಯ ಕೂಲಿ ಕಳೆದು ಲೆಕ್ಕ ಹಾಕಿ ನೋಡಿ. ನಾನು ಹಾಕಿದ್ದು ತಡವಾಗಿ.

ಇನ್ನೊಂದು ಮಾತು, ಚೈನೀಸ್ ವಿಭಾಗ ಇಟ್ಟವರಿಗೆ. ಸ್ಪ್ರಿಂಗ್ ಆನಿಯನ್ನಿನಲ್ಲಿ ನಾವು ತಿನ್ನುವುದು ನುಸಿ ಕೂರುವ, ಔಷಧಿ ಬೀಳುವ ಎಲೆಯನ್ನೇ. ಕಟ್ಟನ್ನು ಹಾಗೇ ನೀರಿಗೆ ಅದ್ದಿದರೆ ಸಾಲದು. ಬುಡ ಕತ್ತರಿಸಿ, ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆಯಬೇಕು.

ಪುಣೆ ಸಮೀಪದ ರಾಜಗುರುನಗರದಲ್ಲಿ ನೀರುಳ್ಳಿ-ಬೆಳ್ಳುಳ್ಳಿಯದೇ ಕೇಂದ್ರ ಸಂಶೋಧನಾ ಸಂಸ್ಥೆಯಿದೆ. ಹೊಲದ ಸುತ್ತ ಎರಡು ಸಾಲು ಜೋಳ, ಅಂದರೆ ಮೆಕ್ಕೆಜೋಳ, ಹಾಕಿದರೆ ಹಾರಿಬರುವ ಥ್ರಿಪ್ಸ್‌ಗೆ ತಡೆಯಾಗುತ್ತದೆ ಎಂಬುದು ಅವರ ಶಿಫಾರಸು. ಹಾಗೆ ಬೆಳೆಯುವ ರೈತರ ಗುಂಪಿನಿಂದ, ಗೋಲ್ಟಿಯೂ ಸೇರಿದಂತೆ, ಹತ್ತಿಪ್ಪತ್ತು ಹೋಟೇಲುಗಳು ಕೂಡಿ ಒಂದು ಲಾರಿ ತರಿಸಬಾರದೇಕೆ? ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ಪುಣೆಯ ಸದಸ್ಯರು ಒಮ್ಮೆ ರಾಜಗುರುನಗರಕ್ಕೆ ಹೋಗಿ ವಿಚಾರಿಸಿ ಬಂದರೆ ಉಪಕಾರ.