ಮೊಡವೆಯ ಮುಲಾಮು ಮತ್ತು ಮೂರು ತಿಂಗಳ ತಾಳ್ಮೆ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಾದ್ದರಿಂದ ಹದಿಮೂರರಿಂದ ಹದಿನಾರು ವಯಸ್ಸಿನ ಮುಖಗಳು ನನಗೆ ಚೆನ್ನಾಗಿ ಪರಿಚಿತ. ಎಂಟನೆಯ ತರಗತಿಗೆ ನಗುನಗುತ್ತಾ ಬಂದು ಮುಂದಿನ ಬೆಂಚಿನಲ್ಲಿ ಕುಳಿತವರು ಹತ್ತನೆಯ ತರಗತಿಯ ಗ್ರೂಪ್ ಫೋಟೋ ತೆಗೆಯುವ ದಿನ ಮೆಲ್ಲನೆ ಹಿಂದಿನ ಸಾಲಿಗೆ ಸರಿಯುತ್ತಿದ್ದರು. ಉತ್ತರ ಗೊತ್ತಿದ್ದರೂ ಎದ್ದು ನಿಲ್ಲಲು ಹಿಂಜರಿಯುತ್ತಿದ್ದವರಿದ್ದರು. ಕಾರಣ, ಕೆನ್ನೆಯ ಮೇಲಿನ ನಾಲ್ಕಾರು ಮೊಡವೆಗಳು. "ವಯಸ್ಸಿನ ಗುಣ, ತಾನಾಗಿಯೇ ಹೋಗುತ್ತದೆ" ಎಂದು ಹಿರಿಯರು ಇದನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ. ಆದರೆ ಎಂಟೇ ದಿನಗಳಲ್ಲಿ ಮುಖ ತಿಳಿಯಾಗಬೇಕೆಂಬ ಅವಸರ ಅದಕ್ಕಿಂತಲೂ ಹೆಚ್ಚಿನ ಹಾನಿ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಾವೇ ಹೈಸ್ಕೂಲು ಮಕ್ಕಳ ತಂದೆತಾಯಿಗಳಾಗಿದ್ದೀರಿ. ಮಗನೋ ಮಗಳೋ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದು ಕನ್ನಡಿಯ ಮುಂದೆ ನಿಂತಾಗ ಏನನ್ನು ನಿರೀಕ್ಷಿಸಬೇಕೆಂಬುದು ನಿಮಗೆ ತಿಳಿದಿರಲಿ ಎಂದು ಈ ಬರಹ.

ಮೊದಲು ಸ್ವಲ್ಪ ಪಾಠ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ತೈಲಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಆ ಜಿಡ್ಡಿನೊಡನೆ ಸತ್ತ ಜೀವಕೋಶಗಳು ಸೇರಿ ರೋಮಕೂಪದ ಬಾಯಿಯನ್ನು ಮುಚ್ಚುತ್ತವೆ. ಚರ್ಮದಲ್ಲಿ ಸಹಜವಾಗಿಯೇ ವಾಸಿಸುವ ಒಂದು ಬ್ಯಾಕ್ಟೀರಿಯಾ ಅಲ್ಲಿ ವೃದ್ಧಿಯಾಗಿ ಉರಿಯೂತ ಉಂಟಾಗುತ್ತದೆ. ಇಂದು ಬೆಳಿಗ್ಗೆ ಕಂಡ ಮೊಡವೆ ಹಲವು ವಾರಗಳ ಹಿಂದೆಯೇ ಚರ್ಮದೊಳಗೆ ಆರಂಭವಾಗಿರುತ್ತದೆ. ಆದ್ದರಿಂದ ಇಂದು ಹಚ್ಚಿದ ಮುಲಾಮು ಮುಖ್ಯವಾಗಿ ಕೆಲಸ ಮಾಡುವುದು ಮುಂದಿನ ತಿಂಗಳು ಕಾಣಬೇಕಾಗಿದ್ದ ಮೊಡವೆಗಳ ಮೇಲೆ. ಈ ಒಂದು ಮಾತು ಅರ್ಥವಾದರೆ ಉಳಿದುದೆಲ್ಲ ಸುಲಭ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವವು ಎರಡು: ರೋಮಕೂಪದ ಅಡಚಣೆಯನ್ನು ಸಡಿಲಿಸುವ ಸ್ಯಾಲಿಸಿಲಿಕ್ ಆಮ್ಲ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಬೆನ್ಜಾಯ್ಲ್ ಪೆರಾಕ್ಸೈಡ್. ಅಡಾಪಲೀನ್ ಎಂಬ ಮೂರನೆಯದನ್ನು 2016ರಲ್ಲಿ ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರಲು ಅನುಮತಿ ದೊರೆಯಿತು. ನಮ್ಮಲ್ಲಿ ಅದನ್ನು ವೈದ್ಯರನ್ನು ಕೇಳಿಯೇ ಬಳಸುವುದು ಲೇಸು. ಗರ್ಭಿಣಿಯರು ಅದರಿಂದ ದೂರವಿರಬೇಕು.

ಬೆನ್ಜಾಯ್ಲ್ ಪೆರಾಕ್ಸೈಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಶೇ. 2.5ರಿಂದ ಆರಂಭಿಸಿದರೆ ಸಾಕು, ಶೇ. 10ರದು ಉರಿಯನ್ನು ಹೆಚ್ಚಿಸುವಷ್ಟು ಗುಣವನ್ನು ಹೆಚ್ಚಿಸುವುದಿಲ್ಲ. ಮುಖ ತೊಳೆದು ಒಣಗಿದ ಮೇಲೆ, ಮೊಡವೆಯ ತುದಿಗೆ ಮಾತ್ರವಲ್ಲದೆ ಮೊಡವೆ ಏಳುವ ಭಾಗಕ್ಕೆಲ್ಲ, ಕಣ್ಣು ತುಟಿಗಳ ಅಂಚನ್ನು ಬಿಟ್ಟು ತೆಳುವಾಗಿ ಹಚ್ಚಬೇಕು. ಮೊದಲು ದಿನ ಬಿಟ್ಟು ದಿನ ಹಚ್ಚುವುದು ಒಳ್ಳೆಯದು. ಮೊದಲ ಎರಡು ಮೂರು ವಾರ ಚರ್ಮ ಒಣಗುತ್ತದೆ, ಕೆಂಪಾಗುತ್ತದೆ, ಸಣ್ಣಗೆ ಸಿಪ್ಪೆ ಏಳುತ್ತದೆ. ಮಕ್ಕಳು ಕೈಬಿಡುವುದು ಇಲ್ಲಿಯೇ. ಉರಿ ಹೆಚ್ಚಾದರೆ ಎರಡು ದಿನ ನಿಲ್ಲಿಸಿ, ಜಿಡ್ಡಿಲ್ಲದ ಮಾಯಿಶ್ಚರೈಸರ್ ಬಳಸಿ, ಮತ್ತೆ ಮುಂದುವರಿಸಬಹುದು. ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಕ್ಷಣ ತೊಳೆದು ಆಸ್ಪತ್ರೆಗೆ ಹೋಗಬೇಕು. ನಾಲ್ಕರಿಂದ ಆರು ವಾರಗಳಲ್ಲಿ ಸುಧಾರಣೆ ಕಾಣತೊಡಗುತ್ತದೆ. ಔಷಧಿ ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸಬೇಕಾದದ್ದು ಹನ್ನೆರಡು ವಾರಗಳ ನಂತರ. ತಾಯಂದಿರಿಗೆ ಒಂದು ಕಿವಿಮಾತು: ಇದು ಬಟ್ಟೆಯ ಬಣ್ಣವನ್ನು ತೆಗೆಯುತ್ತದೆ. ದಿಂಬಿಗೆ ಬಿಳಿಯ ಕವರು ಹಾಕಿ, ಬಿಳಿಯ ಟವೆಲನ್ನೇ ಕೊಡಿ.

ಇನ್ನೊಂದು ವಿಷಯ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಮೊಡವೆ ಮಾಯ್ದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ನೋಡಿ ಔಷಧಿ ಫಲಿಸಲಿಲ್ಲ ಎಂದುಕೊಳ್ಳಬಾರದು. ಚಿವುಟದೆ, ಬಿಸಿಲಿನಿಂದ ಕಾಪಾಡಿಕೊಂಡರೆ ಅದು ನಿಧಾನವಾಗಿ ತಿಳಿಯಾಗುತ್ತದೆ.

ನನಗೆ ಆತಂಕವಿರುವುದು ಈ ಔಷಧಿಗಳ ಬಗ್ಗೆ ಅಲ್ಲ. ಇವು ನಿಧಾನವೆಂದು ಬೇಸತ್ತ ಮಗುವಿನ ಕೈಗೆ ನೆರೆಹೊರೆಯವರೋ ಗೆಳತಿಯೋ ಕೊಡುವ "ನಾಲ್ಕು ದಿನದ ಕ್ರೀಮಿನ" ಬಗ್ಗೆ. ಅಂತಹ ಹಲವು ಕ್ರೀಮುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮೊದಲಾದ ಸ್ಟೀರಾಯ್ಡುಗಳಿರುತ್ತವೆ. ಎಸ್ಜಿಮಾದಂತಹ ಕಾಯಿಲೆಗಳಿಗೆ ವೈದ್ಯರು ಅಳೆದು ಕೊಡುವ ಔಷಧಿಗಳಿವು. ಮುಖಕ್ಕೆ ಹಚ್ಚಿದರೆ ಕೆಂಪು ಬೇಗ ಇಳಿಯುತ್ತದೆ, ಬಣ್ಣವೂ ಬಿಳುಪಾದಂತೆ ತೋರುತ್ತದೆ, ಮನೆಯವರೆಲ್ಲ ಮೆಚ್ಚುತ್ತಾರೆ. ನಿಲ್ಲಿಸಿದೊಡನೆ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ, ಆದ್ದರಿಂದ ಮತ್ತೆ ಹಚ್ಚುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ರಕ್ತನಾಳಗಳು ಕೆಂಪು ಎಳೆಗಳಂತೆ ಕಾಣುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಮೊಡವೆಗಳೇ ಹೆಚ್ಚುತ್ತವೆ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡುಗಳ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೆ ಮನೆಮನೆಗೂ ಬಂದು ಕಾನೂನು ಕಾಯುವುದಿಲ್ಲ. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ನಾವೇ ಓದಬೇಕು. ತಿಂಗಳುಗಟ್ಟಲೆ ಈಗಾಗಲೇ ಹಚ್ಚಿದ್ದರೆ ವೈದ್ಯರ ಬಳಿಗೆ ಹೋಗಿ, ಅವರು ಹೇಳಿದ ಕ್ರಮದಲ್ಲಿಯೇ ಬಿಡಿಸಬೇಕು.

ಈ ಅವಸರವನ್ನು ಮಕ್ಕಳಲ್ಲಿ ಹುಟ್ಟಿಸುವವರು ಯಾರು? ಮದುವೆ ಮನೆಯಲ್ಲಿ ಹುಡುಗಿಯನ್ನು ಕಂಡೊಡನೆ "ಏನೇ, ಮುಖವೆಲ್ಲ ಹೀಗಾಗಿದೆ?" ಎನ್ನುವ ದೊಡ್ಡಮ್ಮ, ಚಿಕ್ಕಪ್ಪ, ಅತ್ತೆ, ಅಂದರೆ ನಾವೇ. ಬಂಧುಗಳಲ್ಲಿ ನನ್ನ ವಿನಂತಿ, ಆ ಒಂದು ಪ್ರಶ್ನೆಯನ್ನು ದಯವಿಟ್ಟು ಬಿಡಿ. ಅದರ ಬದಲು, ಗಂಟುಗಂಟಾದ, ನೋಯುವ, ಗುಳಿ ಬೀಳಿಸುವ ಮೊಡವೆಗಳಿದ್ದರೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರೂ ಇದ್ದರೆ, ಅಥವಾ ಮೂರು ತಿಂಗಳಾದರೂ ಗುಣ ಕಾಣದಿದ್ದರೆ, ಚರ್ಮವೈದ್ಯರ ಬಳಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಲಾಮು ಆರಂಭಿಸಿದ ದಿನಕ್ಕೊಂದು ಗುರುತು ಹಾಕಿ, ಹನ್ನೆರಡು ವಾರ ಎಣಿಸಲು ಮಗುವಿಗೆ ಹೇಳಿಕೊಡಿ.